ಕೊಂಪಾದ್ರೆಗೆ ಬಾಡಿಗೆ ಮನೆ

ಕೊಚಬಂಬಾ ಊರಿಗೆ ಯಾವುದಾದರೂ ಕಂಪನಿ ತನ್ನ ನೌಕರನನ್ನು ಪರದೇಶದಿಂದ ವರ್ಗ ಮಾಡಿತೆಂದರೆ, ಅವನಿಗೆ ಮನೆ ಹುಡುಕಿಕೊಡುವವಳು ಸೆನೋಬಿಯಾ. ಐವತ್ತು ದಾಟಿದ ಹೆಂಗಸು, ಕುಳ್ಳಗೆ, ಗುಂಡಗೆ. ನಡಿಗೆ ಮಾತ್ರ ಜೊತೆಗಿದ್ದವರಿಗೆ ಏದುಸಿರು ಬರಿಸುವಷ್ಟು ಬಿರುಸು. ಮನೆ ಹುಡುಕುವುದಷ್ಟೇ ಅಲ್ಲ, ಗ್ಯಾಸಿನ ಲಾರಿ ಬೀದಿಗೆ ಬಂದರೆ ಓಡಿಹೋಗಿ ಹೇಗೆ ನಿಲ್ಲಿಸಬೇಕು, ಕರೆಂಟಿನ ಷವರನ್ನು ಒದ್ದೆ ಕೈಯಲ್ಲಿ ಯಾಕೆ ಮುಟ್ಟಬಾರದು, ಇದನ್ನೆಲ್ಲ ಕಲಿಸುವವಳೂ ಅವಳೇ. ಮನೆ ನೋಡಲು ಹೋದರೆ ಅವಳು ಗೋಡೆ ನೋಡುವುದಿಲ್ಲ, ಮಾಲೀಕನ ಮುಖ ನೋಡುತ್ತಾಳೆ. "ಗೋಡೆ ಬಿರುಕು ಬಿಟ್ರೆ ಸಿಮೆಂಟು ಹಚ್ಚಬಹುದು. ಮಾಲೀಕನ ತಲೆ ಬಿರುಕು ಬಿಟ್ಟಿದ್ರೆ ಏನು ಹಚ್ಚೋದು?" ಅನ್ನುತ್ತಾಳೆ.

ಇಷ್ಟೆಲ್ಲ ಗಟ್ಟಿಗಿತ್ತಿಗೆ ಒಂದು ಕೆಟ್ಟ ಚಾಳಿ. ಎದುರಿಗಿದ್ದವರು ಅತ್ತರೆ ಅವಳ ಬಾಯಿಂದ "ಇಲ್ಲ" ಅನ್ನುವ ಮಾತು ಹೊರಡುವುದಿಲ್ಲ. ಆ ಸಲ ಅವಳು ಸಿಕ್ಕಿಹಾಕಿಕೊಂಡದ್ದೂ ಹೀಗೆಯೇ.

ನಾರ್ವೆಯಿಂದ ಹಾಲ್ವರ್ ಅಂತ ಒಬ್ಬ ಎಂಜಿನಿಯರ್ ಬಂದಿದ್ದ. ನೀರು ಶುದ್ಧ ಮಾಡುವ ಯಂತ್ರಗಳ ಕಂಪನಿ. ಆಳು ಬಾಗಿಲಿಗಿಂತ ಎತ್ತರ, ಮಾತು ಕೇಳಿದರೆ ಒಂದು, ಕೇಳದಿದ್ದರೆ ಅದೂ ಇಲ್ಲ. ಹೋಟೆಲಿನಲ್ಲಿದ್ದ. ಹೆಂಡತಿ ಮಾರಿತ್ ಪುಟ್ಟ ಮಗನನ್ನು ಕಟ್ಟಿಕೊಂಡು ಶನಿವಾರ ಬರುವವಳಿದ್ದಳು. ಆ ವಾರದ ಮೊದಲಲ್ಲೇ ಅವಳು ಸೆನೋಬಿಯಾಗೆ ಫೋನು ಮಾಡಿದಳು. ಇಲ್ಲಿಯ ಭಾಷೆಯನ್ನು ಕಷ್ಟಪಟ್ಟು ಕಲಿತಿದ್ದಳು.

"ಮಗು ಇಟ್ಕೊಂಡು ಹೋಟೆಲ್ ರೂಮಲ್ಲಿ ನಾನಿರಲ್ಲ. ಮನೆ ಸಿಕ್ಕಿಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಟಿಕೆಟ್ ರದ್ದು ಮಾಡಿಸ್ತೀನಿ. ಅವರು ಅಲ್ಲಿ, ನಾವು ಇಲ್ಲಿ. ಹಾಗೇ ಇದ್ದುಬಿಡ್ತೀವಿ," ಅಂದವಳು ಬಿಕ್ಕತೊಡಗಿದಳು.

ಸೆನೋಬಿಯಾ ಆಗ ದೋನ್ ಫೆರ್ಮಿನ್‌ನ ಅಂಗಡಿಯ ಮುಂದೆ ನಿಂತು ಸಾಲ್ತೆನ್ಯಾ ತಿನ್ನುತ್ತಿದ್ದಳು. ಒಳಗೆ ಬಿಸಿ ಸಾರು ತುಂಬಿಸಿ ಸುಟ್ಟ ಕಡುಬು ಅದು. ಸಾರು ಚೆಲ್ಲದೆ ತಿನ್ನಬೇಕು, ಚೆಲ್ಲಿದವರನ್ನು ನೋಡಿ ಅಂಗಡಿಯೆಲ್ಲ ನಗುತ್ತದೆ. ಆ ಅಳು ಕೇಳಿ ಸೆನೋಬಿಯಾ ಅರ್ಧ ಸಾರು ರವಿಕೆಯ ಮೇಲೇ ಚೆಲ್ಲಿಕೊಂಡಳು. ತಲೆಯೆತ್ತಿದರೆ ಅಂಗಡಿಯ ಮೇಲಿನ ಖಾಲಿ ಮಹಡಿ ಕಾಣಿಸಿತು.

"ಅಯ್ಯೋ ತಾಯಿ, ಅಳಬೇಡಿ, ಮನೆ ಆಗಿದೆ," ಅಂದೇಬಿಟ್ಟಳು. "ಕಿಟಕಿಗೇ ಅಂಜೂರದ ಮರ ಇದೆ. ಅಡುಗೆಮನೆಗೆ ಎಳೆಬಿಸಿಲು ಬರುತ್ತೆ. ಅಂಗಳದಲ್ಲಿ ನಿಮ್ಮ ಮಗೂಗೆ ಜೊತೆಗೊಂದು ಹುಡುಗೀನೂ ಇದ್ದಾಳೆ."

ಹೇಳಿದ್ದೆಲ್ಲ ನಿಜವೇ. ಮನೆ ಆಗಿದೆ ಅನ್ನುವುದೊಂದನ್ನು ಬಿಟ್ಟು.

ಫೋನಿಟ್ಟವಳೇ ಒಳಗೆ ನುಗ್ಗಿದಳು. ದೋನ್ ಫೆರ್ಮಿನ್ ಒಲೆಯ ಮುಂದೆ ಬೆವರುತ್ತಿದ್ದ. ಒಳ್ಳೆಯವನೇ, ಆದರೆ ಮುಂಗೋಪಿ.

"ಮೇಲಿನ ಮನೆ ಒಬ್ಬರು ನಾರ್ವೆಯವರಿಗೆ ಬೇಕಿತ್ತಲ್ಲ, ದೋನ್ ಫೆರ್ಮಿನ್."

"ಗುರುತಿಲ್ಲದೋರಿಗೆ ಕೊಡಲ್ಲ. ಹಿಂದಿನೋನು ಏನು ಮಾಡ್ದ ಗೊತ್ತಲ್ಲ? ಬೆಳಗಿನ ಜಾವ ಈರುಳ್ಳಿ ವಾಸನೆ ಬರುತ್ತೆ ಅಂತ ನಗರಸಭೆಗೆ ದೂರು ಕೊಟ್ಟ. ಸಾಲ್ತೆನ್ಯಾ ಅಂಗಡಿ ಮೇಲೆ ಮಲ್ಲಿಗೆ ಘಮಘಮಿಸುತ್ತಾ? ಮನೆ ಖಾಲಿ ಇದ್ರೂ ಪರವಾಗಿಲ್ಲ. ನಮ್ಮೋರಾದ್ರೆ ಸರಿ, ಬೇರೆಯೋರು ಬೇಡ."

"ಖಾಲಿ ಇಟ್ಕೊಂಡು ಊಟಕ್ಕೇನು ಮಾಡ್ತೀಯ?" ಒಳಗಿನಿಂದ ಹೆಂಡತಿ ದೋನ್ಯಾ ಕಾಸ್ತಾ ಗೊಣಗಿದಳು. ಅವಳು ಮಗಳು ಮಿಲೆಂಕಾಳ ತಲೆ ಬಾಚುತ್ತಿದ್ದಳು. ಸಾಲುಸಾಲು ಗಂಡುಮಕ್ಕಳಾಗಿ, ಇನ್ನು ಸಾಕಪ್ಪ ಅಂದುಕೊಂಡ ಮೇಲೆ ಹುಟ್ಟಿದ ಮಗಳು. ಮೂರು ವರ್ಷವಾದರೂ ಕೂದಲಿಗೆ ಕತ್ತರಿ ತಾಗಿರಲಿಲ್ಲ. ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿದಾಗಲೆಲ್ಲ ಹುಡುಗಿ ಬೀದಿಗೆ ಕೇಳುವಂತೆ ಕಿರುಚುತ್ತಿದ್ದಳು.

ಈ ಊರಲ್ಲಿ ಮಗುವಿನ ಜವಳಕ್ಕೆ ಮೊದಲ ಕತ್ತರಿ ಹಾಕಲು ಒಬ್ಬರನ್ನು ಕರೆಯಬೇಕು. ಹಾಕಿದವನು ಮಗುವಿಗೆ ಧರ್ಮದ ತಂದೆ, ಹೆತ್ತವರಿಗೆ ಕೊಂಪಾದ್ರೆ. ಕೊಂಪಾದ್ರೆ ಅಂದರೆ ಒಡಹುಟ್ಟಿದವನಿಗಿಂತ ಒಂದು ಕೈ ಹೆಚ್ಚು. ಅವನ ಜೊತೆ ಜಗಳ ಆಡುವ ಹಾಗಿಲ್ಲ, ಅವನು ಕೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ.

"ಇನ್ನೂ ಜವಳ ಮಾಡಿಸಿಲ್ವಾ?" ಸೆನೋಬಿಯಾ ಕೇಳಿದಳು.

"ನನ್ನ ತಮ್ಮಂದಿರಿಬ್ರೂ ನಾನು ತಾನು ಅಂತ ಕೂತಿದ್ದಾರೆ," ಅಂದಳು ಕಾಸ್ತಾ. "ಒಬ್ಬನ್ನ ಕರೆದ್ರೆ ಇನ್ನೊಬ್ಬ ನಮ್ಮ ಹೊಸಿಲು ತುಳಿಯಲ್ಲ."

ಸೆನೋಬಿಯಾಗೆ ಒಳಗೊಳಗೇ ಹಿಗ್ಗು. ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು. "ಇಬ್ರನ್ನೂ ಬಿಟ್ಟು ಮೂರನೆಯೋನನ್ನ ಕರೀರಿ. ಇಬ್ರೂ ಸೇರಿ ಬೈಕೊಳ್ಳಲಿ, ಹಾಗಾದ್ರೂ ಒಂದಾಗ್ತಾರೆ. ನನಗೊಬ್ರು ಗೊತ್ತು, ಬಂಗಾರದಂಥ ಮನುಷ್ಯ."

ದೋನ್ ಫೆರ್ಮಿನ್ ಅವಳನ್ನೇ ದಿಟ್ಟಿಸಿದ. "ಆ ನಾರ್ವೆಯೋನು ತಾನೇ?" ಅಂದ. ಆಮೇಲೆ ಭಾವಮೈದುನರನ್ನು ನೆನೆದೋ ಏನೋ, ನಿಟ್ಟುಸಿರು ಬಿಟ್ಟ. "ಆಗಲಿ, ಶನಿವಾರ ಕರ್ಕೊಂಡ್ ಬಾ."

ವಿಷಯ ಕೇಳಿ ಹಾಲ್ವರ್ ಬಹಳ ಹೊತ್ತು ಯೋಚಿಸಿದ. "ನನಗೆ ಕೂದಲು ಕತ್ತರಿಸೋಕೆ ಬರಲ್ಲವಲ್ಲ."

"ಬರಬಾರದು. ಬಂದ್ರೆ ಕ್ಷೌರದಂಗಡಿ ಹಾಕು ಅಂತಾರೆ. ನೀವು ಕತ್ತರಿಸಿ, ಕೊಟ್ಟಿದ್ದು ಕುಡೀರಿ, ಮನೆ ಮಾತು ಮಾತ್ರ ಎತ್ತಬೇಡಿ. ಶಾಸ್ತ್ರ ಮುಗೀಲಿ, ನಾನು ಕೇಳ್ತೀನಿ."

ಶನಿವಾರ ಸೆನೋಬಿಯಾ ವಿಮಾನ ನಿಲ್ದಾಣದಿಂದ ತಾಯಿ ಮಗುವನ್ನು ಪೆಟ್ಟಿಗೆ ಸಮೇತ ನೇರವಾಗಿ ಆ ಅಂಗಳಕ್ಕೇ ತಂದಿಳಿಸಿದಳು. ಹೋಟೆಲಿಗೆ ಕರೆದೊಯ್ದರೆ ಗುಟ್ಟು ರಟ್ಟು. ಮಾರಿತ್ ಮರ ನೋಡಿದಳು, ಮಹಡಿ ನೋಡಿದಳು, ಬಾಗಿಲಿಗೆ ಜೋತಿದ್ದ ಬೀಗವನ್ನೂ ನೋಡಿದಳು. ಮಗನನ್ನು ಎತ್ತಿಕೊಂಡು ಮರದ ನೆರಳಿಗೆ ಹೋಗಿ ಕೂತಳು.

ಅಂಗಳದ ತುಂಬ ಜನ. ಭಾವಮೈದುನರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಟ್ಟಿಗೇ ಮುಖ ಊದಿಸಿಕೊಂಡಿದ್ದರು. ಮಿಲೆಂಕಾಳ ಕೂದಲನ್ನು ಸಣ್ಣ ಸಣ್ಣ ಜಡೆ ಹಾಕಿ ರಿಬ್ಬನ್ ಕಟ್ಟಿದ್ದರು. ಹಾಲ್ವರ್ ಸೋರೆಬುರುಡೆಯಲ್ಲಿ ಕೊಟ್ಟ ಚಿಚಾ ಹೆಂಡವನ್ನು ಮೊದಲು ಭೂಮಿತಾಯಿಗೆಂದು ಚೂರು ನೆಲಕ್ಕೆ ಚೆಲ್ಲಿ, ಉಳಿದದ್ದನ್ನು ಒಂದೇ ಗುಟುಕಿಗೆ ಇಳಿಸಿದ. "ಪರವಾಗಿಲ್ಲ, ನಮ್ಮೋನೇ," ಅಂತ ಯಾರೋ ಅಂದರು. ಆಮೇಲೆ ಮಗುವಿನ ಎದುರು ಮಂಡಿಯೂರಿ ಕೂತ. ಆಗಲೂ ನಿಂತವರಷ್ಟೇ ಎತ್ತರ. ಮೊದಲ ಜಡೆ ಕತ್ತರಿಸಿ ತಟ್ಟೆಗಿಟ್ಟ. ಆಮೇಲೆ ಉಳಿದವರು ಒಬ್ಬೊಬ್ಬರೇ ಕತ್ತರಿಸಿದರು.

ಕೊನೆಗೆ ಹುಡುಗಿ ಬೋಳುಬೋಳಾದ ತಲೆ ಮುಟ್ಟಿ ನೋಡಿಕೊಂಡು ಅಳುವುದಕ್ಕೆ ತುಟಿ ಮುಂದೆ ಮಾಡಿದಳು. ಮಾರಿತ್ ಪೆಟ್ಟಿಗೆ ಬಿಚ್ಚಿ, ಮಗನಿಗೆಂದು ಹೆಣೆದಿದ್ದ ಕೆಂಪು ಉಣ್ಣೆಯ ಟೊಪ್ಪಿಗೆ ತೆಗೆದು ಅವಳ ತಲೆಗೆ ಹಾಕಿದಳು. ಹುಡುಗಿ ಅಳು ಮರೆತು ಕನ್ನಡಿ ಹುಡುಕಿಕೊಂಡು ಓಡಿದಳು. ದೋನ್ ಫೆರ್ಮಿನ್‌ನ ಕಣ್ಣು ತುಂಬಿತು. ಹಾಲ್ವರ್‌ನನ್ನು ತಬ್ಬಿಕೊಂಡು, "ಕೊಂಪಾದ್ರೆ," ಅಂದ.

ಇದೇ ಸಮಯ ಅಂತ ಸೆನೋಬಿಯಾ ಮುಂದೆ ಬಂದಳು. "ಹಾಗಾದ್ರೆ ಮೇಲಿನ ಮನೆ ನಿಮ್ಮ ಕೊಂಪಾದ್ರೆಗೆ ಬಾಡಿಗೆಗೆ ಕೊಡ್ತೀರಿ ತಾನೇ?"

ದೋನ್ ಫೆರ್ಮಿನ್ ಹೌಹಾರಿದ. "ಏನು ಮಾತಾಡ್ತೀಯ? ಕೊಂಪಾದ್ರೆ ಹತ್ರ ಬಾಡಿಗೆ ತಗೊಳ್ಳೋದಾ? ಊರು ನನ್ನ ಮುಖಕ್ಕೆ ಉಗಿಯಲ್ವಾ? ಬಂದು ಬಿಟ್ಟಿ ಇರು ಅನ್ನೋಣ ಅಂದ್ರೆ ಆ ಬಾಡಿಗೆಯಿಂದ್ಲೇ ನಮ್ಮ ಅರ್ಧ ಸಂಸಾರ ನಡೀಬೇಕು. ಕೊಡೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. ಎಂಥ ಕೆಲಸ ಮಾಡ್ದೆ, ಸೆನೋಬಿಯಾ."

ಇಷ್ಟು ವರ್ಷ ಮಾಲೀಕರನ್ನು ಅರೆದು ಕುಡಿದ ಸೆನೋಬಿಯಾ ತಾನೇ ತೋಡಿದ ಗುಂಡಿಗೆ ಬಿದ್ದಿದ್ದಳು. ಗುರುತಿಲ್ಲದವನಾಗಿದ್ದರೆ ಕಾಲು ಹಿಡಿದಾದರೂ ಒಪ್ಪಿಸಬಹುದಿತ್ತು. ಈಗ ಅದೂ ಹೋಯಿತು. ಮಾರಿತ್ ಮಲಗಿದ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳತ್ತ ತಿರುಗುವ ಧೈರ್ಯ ಸೆನೋಬಿಯಾಗೆ ಬರಲಿಲ್ಲ.

ದೋನ್ಯಾ ಕಾಸ್ತಾ ಕೂದಲಿನ ತಟ್ಟೆಯನ್ನು ಕೆಳಗಿಟ್ಟಳು. "ಬಾಡಿಗೆ ಕೊಡೋರು ಯಾರು, ಇವರಾ?"

"ಅಲ್ಲ, ಕಂಪನಿ," ಅಂದ ಹಾಲ್ವರ್.

"ಕಂಪನಿ ನಮ್ಮ ಮಗಳ ಕೂದಲು ಕತ್ತರಿಸ್ತಾ?"

ಕಾಸ್ತಾ ಗಂಡನತ್ತ ತಿರುಗಿದಳು.

"ಕತ್ತರಿಸಿಲ್ಲ ತಾನೇ? ಹಾಗಾದ್ರೆ ಅದು ನಮಗೆ ಕೊಂಪಾದ್ರೆ ಅಲ್ಲ. ಮನೆಯಲ್ಲಿರೋದು ಕೊಂಪಾದ್ರೆ, ಬಾಡಿಗೆ ಕೊಡೋದು ಗುರುತಿಲ್ಲದೋರು. ತಗೊಳ್ಳೋಕೆ ನಿನಗೇನು ನಾಚಿಕೆ?"

ದೋನ್ ಫೆರ್ಮಿನ್ ತಲೆ ಕೆರೆದುಕೊಂಡ. ಭಾವಮೈದುನರಿಬ್ಬರೂ ಮುನಿಸು ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವನೂ ನಗುತ್ತಾ ಸೊಂಟದಿಂದ ಬೀಗದ ಕೈ ಬಿಚ್ಚಿ ಮಾರಿತ್‌ಳ ಕೈಗಿಟ್ಟ.

ಸೆನೋಬಿಯಾ ಪೆಟ್ಟಿಗೆ ಹಿಡಿದು ಅವಳ ಹಿಂದೆಯೇ ಮೆಟ್ಟಿಲು ಹತ್ತಿದಳು. ಮಾರಿತ್ ಖಾಲಿ ಕೋಣೆಯ ನೆಲದ ಮೇಲೆ ಶಾಲು ಹಾಸಿ ಮಗುವನ್ನು ಮಲಗಿಸಿದಳು. ಆಮೇಲೆ ಮೆಲ್ಲಗೆ, "ಅವತ್ತು ಫೋನಲ್ಲಿ ಹೇಳ್ದಾಗ ಮನೆ ಆಗಿರಲಿಲ್ಲ ಅಲ್ವಾ?" ಅಂದಳು.

ಸೆನೋಬಿಯಾ ತಲೆ ತಗ್ಗಿಸಿದಳು. "ಕೆಳಗೆ ಕೇಳಿಸ್ಕೊಂಡ್ರಲ್ಲ."

"ನನಗೆ ಅವತ್ತೇ ಗೊತ್ತಾಗಿತ್ತು. ಮನೆ ಸಿಕ್ಕಿದ್ದೋರು ಯಾರೂ ಹಾಗೆ ಉಸಿರು ಬಿಡದೆ ಮಾತಾಡಲ್ಲ."

"ಗೊತ್ತಿದ್ದೂ ಯಾಕೆ ಬಂದ್ರಿ, ತಾಯಿ?"

"ಮುಖಾನೇ ನೋಡಿಲ್ಲದ ಒಬ್ಬಳು ಅಳಬಾರದು ಅಂತ ಇಷ್ಟು ದೊಡ್ಡ ಸುಳ್ಳು ಹೇಳೋ ಹೆಂಗಸು ಆ ಊರಲ್ಲಿದ್ದಾಳೆ. ಮನೆ ಇಲ್ಲದಿದ್ರೂ ಅಲ್ಲಿ ನನ್ನೋಳು ಅಂತ ಒಬ್ಬಳಿದ್ದಾಳೆ ಅನ್ನಿಸ್ತು. ಅದಕ್ಕೇ ಟಿಕೆಟ್ ರದ್ದು ಮಾಡಿಸಲಿಲ್ಲ."

ಸೆನೋಬಿಯಾ ಮಗುವಿನ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ಗಳಗಳನೆ ಅತ್ತುಬಿಟ್ಟಳು.