ಭೈರವೇಶ್ವರನ ಮುಂದೆ ಬಾಯಿಬಿಟ್ಟು ಹೇಳಿದ ಮಾತು

ನನ್ನ ಒಂದು ಸುಳ್ಳಿನಿಂದ ನನ್ನ ಗೆಳೆಯನ ಎರಡು ಕಣ್ಣುಗಳೂ ಹೋಗುವುದರಲ್ಲಿದ್ದವು. ಆಗ ಚಿಕ್ಕರಸಿನಕೆರೆಯ ಭೈರವೇಶ್ವರಸ್ವಾಮಿ ನಮ್ಮನ್ನು ಹೇಗೆ ಕಾಪಾಡಿದ ಎಂಬುದನ್ನು ಸ್ವಾಮಿಯ ಒಕ್ಕಲಿನವರೆಲ್ಲರಿಗೂ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಇಷ್ಟು ದಿನ ಬರೆಯದೆ ಉಳಿದದ್ದಕ್ಕೆ ನಾಚಿಕೆಯೇ ಕಾರಣ.

ನನ್ನ ಹೆಸರು ಮರಿಯಪ್ಪ. ಮದ್ದೂರು ತಾಲ್ಲೂಕಿನ ಒಕ್ಕಲು ಮನೆಯವನು. ಜಮೀನು ನೋಡಿಕೊಳ್ಳಲು ಇಬ್ಬರು ಅಣ್ಣಂದಿರಿದ್ದರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಕಬ್ಬಿಣದ ಕೆಲಸ ಬಲ್ಲವರು ಎಲ್ಲೆಲ್ಲೂ ಬೇಕಾಗಿದ್ದರು. ಮಂಡ್ಯದಲ್ಲಿ ಹಳ್ಳಿಯ ಯುವಕರಿಗೆ ಬೆಸುಗೆ ಕೆಲಸ ಕಲಿಸುವ ಒಂದು ತರಗತಿ ತೆರೆದಿದ್ದಾರೆಂದು ಕೇಳಿ, ಅಪ್ಪನನ್ನು ಕಾಡಿ ಬೇಡಿ ಅಲ್ಲಿಗೆ ಸೇರಿದೆ. ಆಗ ನನಗೆ ಇಪ್ಪತ್ತೆರಡು ವರ್ಷ.

ಅಲ್ಲಿ ನನ್ನ ಪಕ್ಕದ ಬೆಂಚಿಗೆ ಬಂದವನು ಬೆಳಕವಾಡಿಯ ಸಿದ್ದಲಿಂಗ. ತಂದೆಯಿಲ್ಲದವನು. ತಾಯಿ ಕೆಂಪಮ್ಮನಿಗೆ ಇವನೊಬ್ಬನೇ ಮಗ. ಮಾತು ಒರಟು, ಕೈ ಮಾತ್ರ ಬಹಳ ನಯ. ನಾನು ಎರಡು ತಗಡುಗಳನ್ನು ಕೂಡಿಸಲು ಹೋಗಿ ತೂತು ಮಾಡಿಡುತ್ತಿದ್ದೆ. ಅವನು ಅದೇ ತಗಡನ್ನು ತೆಗೆದುಕೊಂಡು, ಉರಿಯನ್ನು ಎಷ್ಟು ದೂರ ಹಿಡಿಯಬೇಕು, ಕರಗಿದ ಕಬ್ಬಿಣವನ್ನು ಹೇಗೆ ಮುಂದಕ್ಕೆ ನಡೆಸಬೇಕು ಎಂದು ತೋರಿಸಿಕೊಡುತ್ತಿದ್ದ. ಆರನೆಯ ವಾರ ನನ್ನ ಕೈಯಲ್ಲಿ ಮೊದಲ ನೇರವಾದ ಬೆಸುಗೆ ಮೂಡಿದಾಗ ನನಗಿಂತ ಅವನೇ ಹೆಚ್ಚು ಹಿಗ್ಗಿದ್ದ.

ಬೆಸುಗೆಗೆ ಬೇಕಾದ ಗ್ಯಾಸನ್ನು ನಾವೇ ತಯಾರಿಸಬೇಕಿತ್ತು. ಕಾರ್ಬೈಡ್ ಎಂಬ ಬೂದುಬಣ್ಣದ ಕಲ್ಲಿನ ಮೇಲೆ ನೀರು ಬಿದ್ದರೆ ಗ್ಯಾಸು ಏಳುತ್ತದೆ. ಕೊನೆಗೆ ಟ್ಯಾಂಕಿಯ ತಳದಲ್ಲಿ ಸುಣ್ಣದ ರಾಡಿ ಉಳಿಯುತ್ತದೆ. ಅದನ್ನು ಬಕೆಟ್ಟಿನಲ್ಲಿ ಹೊತ್ತು ಶೆಡ್ಡಿನ ಹಿಂದಿನ ಗುಂಡಿಗೆ ಸುರಿಯಬೇಕು. ಇದಕ್ಕೆ ನಮ್ಮಲ್ಲಿ ಸರದಿಯಿತ್ತು. ಆ ಶನಿವಾರ ಸರದಿ ನನ್ನದು. ಊರಿನ ಬಸ್ಸಿಗೆ ಹೊತ್ತಾಗಿತ್ತು. ಗುಂಡಿಯವರೆಗೆ ಹೋಗುವ ಬದಲು, ಎರಡು ಬಕೆಟ್ ರಾಡಿಯನ್ನು ಮೂಲೆಯಲ್ಲಿ ನಿಂತಿದ್ದ ಖಾಲಿ ಎಣ್ಣೆ ಡ್ರಮ್ಮಿಗೆ ಸುರಿದು ಬಿರಡೆ ಬಿಗಿದು ಹೊರಟುಬಿಟ್ಟೆ. ಸೋಮವಾರ ಬಂದು ತೆಗೆದರಾಯಿತು ಎಂದುಕೊಂಡೆ. ರಾಡಿಯೊಳಗೆ ಇನ್ನೂ ಕರಗದ ಕಾರ್ಬೈಡ್ ಚೂರುಗಳು ಇರುತ್ತವೆ, ಮುಚ್ಚಿದ ಡ್ರಮ್ಮಿನಲ್ಲಿ ಅವು ಗ್ಯಾಸು ಕಾರುತ್ತಲೇ ಇರುತ್ತವೆ ಎಂಬುದು ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ, ನಮಗೆ ಕಲಿಸುತ್ತಿದ್ದ ಮೇಸ್ತ್ರಿಯವರು ಅದೇ ಡ್ರಮ್ಮಿನ ಮುಚ್ಚಳ ಕತ್ತರಿಸಲು ಸಿದ್ದಲಿಂಗನಿಗೆ ಹೇಳಿದ್ದರು. ಡ್ರಮ್ಮನ್ನು ತೊಳೆದು ನೀರು ತುಂಬಿಸದೆ ಉರಿ ತಾಕಿಸಬಾರದು ಎಂಬುದು ನಮಗೆ ಕಲಿಸಿದ್ದ ಮೊದಲ ಪಾಠ. ತೊಳೆಯುವ ಕೆಲಸವೂ ಸರದಿಯವನದೇ. ಆದ್ದರಿಂದ ಸಿದ್ದಲಿಂಗ ನನ್ನ ಕಡೆ ತಿರುಗಿ ಕೇಳಿದ.

“ಇದ್ನ ತೊಳ್ದು ನೀರು ತುಂಬಿದ್ದೀಯೇನ್ಲಾ?”

ಮೇಸ್ತ್ರಿಯವರು ಎರಡು ಮಾರು ದೂರದಲ್ಲಿ ನಿಂತಿದ್ದರು. ಇಲ್ಲ ಎಂದರೆ ನನ್ನ ಸೋಮಾರಿತನ ಬಯಲಾಗುತ್ತಿತ್ತು. ಮುಚ್ಚಳ ಕತ್ತರಿಸಿದ ಮೇಲೆ ಸಿದ್ದನಿಗೆ ಒಂದಿಷ್ಟು ರಾಡಿ ಕಾಣುತ್ತದೆ, ಆಮೇಲೆ ಅವನಿಗೆ ಹೇಳಿಕೊಂಡರಾಯಿತು ಎಂದು ಲೆಕ್ಕ ಹಾಕಿದೆ.

“ಊಂ, ತುಂಬಿವ್ನಿ,” ಎಂದೆ.

ಅವನು ಉರಿ ಹಚ್ಚಿದ. ಸದ್ದು ಕೇಳಿದ ಮೇಲೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ನೋಡಿದಾಗ ಡ್ರಮ್ಮಿನ ಮೇಲ್ಭಾಗ ಹಾರಿಹೋಗಿತ್ತು, ಸಿದ್ದಲಿಂಗ ಮುಖ ಹಿಡಿದುಕೊಂಡು ನೆಲದ ಮೇಲೆ ಬಿದ್ದಿದ್ದ. ಉರಿಯಿಂದ ಕಣ್ಣು ಕಾಯಲು ಹಾಕಿಕೊಂಡಿದ್ದ ಕನ್ನಡಕ ಒಡೆದು ದೂರ ಬಿದ್ದಿತ್ತು. ಎಲ್ಲರೂ ಓಡಿಬಂದು ಅವನ ಅಂಗಿಯ ಮೇಲೆ, ಡ್ರಮ್ಮಿನ ಮೇಲೆ ನೀರು ಸುರಿದರು. ಆ ನೆಲದ ಮೇಲೆ ಯಾವಾಗಲೂ ಸುಣ್ಣದ ರಾಡಿ ಚೆಲ್ಲಿರುತ್ತಿದ್ದುದರಿಂದ ಯಾರಿಗೂ ಬೇರೆ ಅನುಮಾನ ಬರಲಿಲ್ಲ. ಎಣ್ಣೆಯ ಆವಿಗೆ ಬೆಂಕಿ ತಗುಲಿದೆ ಎಂದೇ ಎಲ್ಲರೂ ತಿಳಿದರು. ಆಸ್ಪತ್ರೆಯಲ್ಲೂ ಹಾಗೆಯೇ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ.

ಡಾಕ್ಟರು ಸುಟ್ಟ ಗಾಯಕ್ಕೆ ಔಷಧ ಹಚ್ಚಿ, ಊದಿ ಮುಚ್ಚಿಕೊಂಡಿದ್ದ ಕಣ್ಣುಗಳ ಮೇಲೆ ಪಟ್ಟಿ ಕಟ್ಟಿದರು. ಸಂಜೆ ಮೇಸ್ತ್ರಿಯವರು ಬಂದು, ನೀರು ತುಂಬಿದೆಯೇ ಎಂದು ನೋಡದೆ ಏಕೆ ಉರಿ ಹಚ್ಚಿದೆ ಎಂದು ಅವನನ್ನು ಕೇಳಿದರು. ಆ ನೋವಿನಲ್ಲೂ ಸಿದ್ದಲಿಂಗ ನನ್ನ ಹೆಸರು ಹೇಳಲಿಲ್ಲ. ತಪ್ಪಾಯಿತು ಎಂದಷ್ಟೇ ಅಂದ.

ಮಂಗಳವಾರ ಕೆಂಪಮ್ಮನವರು ಬಂದರು. ಮಗನ ಮಂಚದ ಪಕ್ಕ ನೆಲದ ಮೇಲೆ ಕುಳಿತವರು ಅಲ್ಲಿಂದ ಏಳಲಿಲ್ಲ. ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ ಕೊಟ್ಟು, ನನ್ನ ಮಗನಿಗೆ ನೀನೊಬ್ಬ ಇದ್ದೀಯಲ್ಲ ಎಂದರು. ಆ ರೊಟ್ಟಿಯನ್ನು ಅವರಿಗೆ ಕಾಣದಂತೆ ಬುತ್ತಿಗೇ ಮರಳಿಸಿಟ್ಟೆ. ಅಂದು ರಾತ್ರಿಯ ಹೊತ್ತಿಗೆ ಸಿದ್ದನ ನರಳಾಟ ಹೆಚ್ಚಿತು. ಬುಧವಾರ ಬೆಳಗಾದರೂ ನಿಲ್ಲಲಿಲ್ಲ. ಮುಖದ ಉರಿ ಕಡಿಮೆಯಾಗಿದೆ, ಕಣ್ಣೊಳಗಿನ ಉರಿ ಮಾತ್ರ ತಡೆಯಲಾಗುತ್ತಿಲ್ಲ ಎನ್ನುತ್ತಿದ್ದ. ಡಾಕ್ಟರು ಮುಖ ಗಂಟಿಕ್ಕಿಕೊಂಡು, ಹೀಗಾಗಬಾರದಿತ್ತು, ನಾಳೆಯವರೆಗೆ ನೋಡಿ ಮೈಸೂರಿಗೆ ಕಳಿಸೋಣ ಎಂದರು.

ಆಗ ಕೆಂಪಮ್ಮನವರು ನನ್ನನ್ನು ಹೊರಗೆ ಕರೆದರು. ಭೈರವೇಶ್ವರ ಅವರ ಮನೆದೇವರು. ಮಗನನ್ನು ಬಿಟ್ಟು ತಾವು ಹೋಗುವಂತಿಲ್ಲ, ನೀನೇ ಹೋಗಿ ಅವನ ಹೆಸರಿನಲ್ಲಿ ಪೂಜೆ ಮಾಡಿಸಿ ಹಣೆಗಿಡಲು ಬಂಡಾರ ತೆಗೆದುಕೊಂಡು ಬಾ ಎಂದು ಕೈಹಿಡಿದು ಕೇಳಿದರು. ನಾನು ರೈಲಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಮಳವಳ್ಳಿ ಕಡೆಯ ಬಸ್ಸು ಹತ್ತಿ, ರಸ್ತೆಯಲ್ಲಿ ಇಳಿದು ಚಿಕ್ಕರಸಿನಕೆರೆಗೆ ನಡೆದೆ. ದಾರಿಯುದ್ದಕ್ಕೂ ಒಂದೇ ಬೇಡಿಕೆ: ಸ್ವಾಮಿ, ಅವನ ಕಣ್ಣು ಉಳಿಸು, ನನ್ನ ಸುಳ್ಳು ಹೊರಬೀಳದಿರಲಿ. ಈ ಎರಡನ್ನೂ ಒಟ್ಟಿಗೆ ಬೇಡುತ್ತಿದ್ದೇನಲ್ಲ ಎಂಬ ಅರಿವು ಕೂಡ ನನಗಿರಲಿಲ್ಲ.

ಗುಡಿಯಲ್ಲಿ ವಯಸ್ಸಾದ ಪೂಜಾರಪ್ಪನವರು ಒಬ್ಬರೇ ಇದ್ದರು. ಹಣ್ಣುಕಾಯಿ ತೆಗೆದುಕೊಂಡು ಯಾರ ಹೆಸರಿನಲ್ಲಿ ಎಂದು ಕೇಳಿದರು. ಹೇಳಿದೆ. ಆಮೇಲೆ ಅವರು ಮಂಗಳಾರತಿ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ, “ಏನಾಗಿತ್ತಪ್ಪ ಅವನ್ಗೆ? ಸಾಮಿ ಮುಂದೆ ಇದ್ದಂಗೆ ಯೋಳು,” ಎಂದರು.

ಡ್ರಮ್ಮು ಸಿಡಿಯಿತು ಎಂದು ಶುರುಮಾಡಿದೆ. ಸ್ವಾಮಿಯ ಮುಖದ ಮೇಲೆ ದೀಪದ ಬೆಳಕಿತ್ತು. ಅದನ್ನು ನೋಡುತ್ತಾ ಮುಂದಿನ ಸುಳ್ಳು ನಾಲಿಗೆಗೆ ಬರಲಿಲ್ಲ. ಶನಿವಾರದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಪೂಜಾರಪ್ಪನವರು ಬೈಯುತ್ತಾರೆ, ಇಲ್ಲವೇ ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಎರಡನ್ನೂ ಮಾಡಲಿಲ್ಲ. ತಟ್ಟೆಯನ್ನು ಕೆಳಗಿಟ್ಟರು.

“ಸುಣ್ಣ ಅಂದ್ಯಲ್ಲ, ಅದ್ನ ಡಾಕ್ಟ್ರಿಗೆ ಯೋಳಿದ್ದೀಯಾ?”

ಇಲ್ಲ ಎಂದೆ.

ಅವರ ತಂಗಿಯ ಮಗುವೊಂದು ಎಲೆಯಡಿಕೆ ತಟ್ಟೆಯ ಸುಣ್ಣವನ್ನು ಕಣ್ಣಿಗೆ ಮೆತ್ತಿಕೊಂಡಿತ್ತಂತೆ. ಮೇಲೆ ತೊಳೆದು ಸುಮ್ಮನಾದರಂತೆ. ರೆಪ್ಪೆಯೊಳಗೆ ಕುಳಿತಿದ್ದ ಚೂರು ದಿನಗಟ್ಟಲೆ ಸುಟ್ಟು ಕಣ್ಣನ್ನೇ ತೆಗೆದಿತ್ತಂತೆ. ಅಷ್ಟು ಹೇಳಿ, ಬಂಡಾರದ ಪೊಟ್ಟಣವನ್ನು ನನ್ನ ಕೈಗಿಟ್ಟರು.

“ಸಾಮಿಗೆ ಮೊದ್ಲೇ ಗೊತ್ತಿತ್ತು ಕಣಪ್ಪ. ಗೊತ್ತಾಗ್ಬೇಕಾದ್ದು ಆ ಡಾಕ್ಟ್ರಿಗೆ. ಇಲ್ಲಿ ಕುಂತ್ಕೊಂಡು ಅಳಬ್ಯಾಡ, ಓಗು.”

ರಸ್ತೆಯವರೆಗೆ ಓಡಿದೆ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸು ಅಷ್ಟು ಹೊತ್ತಿಗೆ ದಾಟಿಹೋಗಿರಬೇಕಿತ್ತು. ಅದು ಹೋದರೆ ಸಂಜೆಯವರೆಗೆ ಬೇರೆ ಇರಲಿಲ್ಲ. ನೋಡಿದರೆ ಬಸ್ಸು ಹುಣಸೆಮರದ ಕೆಳಗೆ ನಿಂತಿತ್ತು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸುಗಳು ಇದ್ದಲಿನ ಹೊಗೆಯಿಂದ ಓಡುತ್ತಿದ್ದವು. ಹಿಂದಿನ ಒಲೆಯಲ್ಲಿ ಇದ್ದಲು ಆರಿಹೋಗಿ ಬಸ್ಸು ನಿಂತಿದೆ, ಮುಕ್ಕಾಲು ಗಂಟೆಯಿಂದ ಹೆಣಗುತ್ತಿದ್ದೇವೆ ಎಂದು ಡ್ರೈವರು ಹೇಳಿದರು. ಗಾಳಿ ಊದುವ ಹಿಡಿಕೆಯನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ತಿರುಗಿಸತೊಡಗಿದೆ. ಭೈರವ, ಭೈರವ ಎನ್ನುತ್ತಾ ತಿರುಗಿಸಿದೆ. ಇದ್ದಲು ಹೊತ್ತಿಕೊಂಡಿತು. ಆ ಬಸ್ಸು ನನಗಾಗಿಯೇ ನಿಂತಿತ್ತು ಎಂಬುದನ್ನು ನಾನು ಯಾರ ಮುಂದೆಯೂ ವಾದಿಸುವುದಿಲ್ಲ. ನನಗೆ ಗೊತ್ತು, ಅಷ್ಟು ಸಾಕು.

ಮದ್ದೂರಿನಲ್ಲಿ ರೈಲು ಸಿಕ್ಕಿತು. ನಾಲ್ಕು ಗಂಟೆಯ ಹೊತ್ತಿಗೆ ಆಸ್ಪತ್ರೆ ತಲುಪಿದೆ. ಡಾಕ್ಟರು ಸಿದ್ದಲಿಂಗನ ಮಂಚದ ಹತ್ತಿರವೇ ಇದ್ದರು. ಕೆಂಪಮ್ಮನವರೂ ಅಲ್ಲೇ ಇದ್ದರು. ಹೊರಗೆ ಕರೆದು ಹೇಳೋಣವೆಂದು ಒಂದು ಕ್ಷಣ ಅನ್ನಿಸಿತು. ಮತ್ತೆ ಬಚ್ಚಿಡುವ ಯೋಚನೆ ಬಂತಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಡ್ರಮ್ಮಿನಲ್ಲಿ ನೀರಿರಲಿಲ್ಲ, ಕಾರ್ಬೈಡಿನ ಸುಣ್ಣವಿತ್ತು, ಹಾಕಿದವನು ನಾನು, ನೀರಿದೆ ಎಂದು ಸುಳ್ಳು ಹೇಳಿದವನೂ ನಾನು ಎಂದೆ.

ಡಾಕ್ಟರು ನನ್ನ ಕಡೆ ನೋಡಲೂ ಇಲ್ಲ. ಕಾಂಪೌಂಡರನ್ನು ಕೂಗಿ ಪಟ್ಟಿ ಬಿಚ್ಚಿಸಿದರು. ಔಷಧ ಹಾಕಿ ನೋವು ತಗ್ಗಿಸಿ, ಊದಿದ ರೆಪ್ಪೆಗಳನ್ನು ಮೆಲ್ಲಗೆ ಹೊರಳಿಸಿ ನೋಡಿದರು. ಒಳಮಡಿಕೆಯಲ್ಲಿ ಸುಣ್ಣ ಬಿಳಿಯ ಹರಳುಗಳಾಗಿ ಅಂಟಿಕೊಂಡು ಕುಳಿತಿತ್ತು. ಒಂದೊಂದನ್ನೇ ತೆಗೆದರು. ಕಾಯಿಸಿ ಆರಿಸಿದ ನೀರಿನಿಂದ ಎಷ್ಟೋ ಹೊತ್ತು ತೊಳೆದರು. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ, ಇನ್ನು ಒಂದು ದಿನ ಹೋಗಿದ್ದರೆ ಎರಡೂ ಕಣ್ಣು ಉಳಿಯುತ್ತಿರಲಿಲ್ಲ, ಎಡಗಣ್ಣಿನ ಮಾತು ಈಗಲೂ ಹೇಳಲಾರೆ ಎಂದರು.

ನಾನು ತಂದ ಬಂಡಾರವನ್ನು ಕೆಂಪಮ್ಮನವರು ತೆಗೆದುಕೊಂಡು ಮಗನ ಹಣೆಗಿಟ್ಟರು. ಆಮೇಲೆ ನನ್ನತ್ತ ತಿರುಗಿ, “ನಾಳೀಕೆ ನೀನು ಬರಬ್ಯಾಡ,” ಎಂದರು. ಅಷ್ಟೇ.

ಮರುದಿನ ಮೇಸ್ತ್ರಿಯವರಿಗೂ ಎಲ್ಲವನ್ನೂ ಹೇಳಿದೆ. ತರಗತಿಯಿಂದ ನನ್ನ ಹೆಸರು ಹೊಡೆದುಹಾಕಿದರು. ಅದು ನ್ಯಾಯವೇ ಆಗಿತ್ತು. ಊರಿಗೆ ಹೋಗದೆ ಮಂಡ್ಯದಲ್ಲೇ ಉಳಿದು, ಆಸ್ಪತ್ರೆಯ ಹಿತ್ತಿಲಿನಲ್ಲಿ ಸಿದ್ದಲಿಂಗನ ಕಣ್ಣು ತೊಳೆಯಲು ನೀರು ಕಾಯಿಸಿ ಕೊಡುತ್ತಿದ್ದೆ. ಕಾಂಪೌಂಡರು ಒಳಗೆ ಒಯ್ಯುತ್ತಿದ್ದರು. ಕೆಂಪಮ್ಮನವರು ಬಾವಿಗೆ ಬಂದಾಗಲೆಲ್ಲ ನನ್ನನ್ನು ನೋಡಿಯೂ ನೋಡದಂತೆ ಹೋಗುತ್ತಿದ್ದರು.

ಮೂರನೆಯ ವಾರ ಪಟ್ಟಿಯನ್ನು ಪೂರ್ತಿಯಾಗಿ ತೆಗೆದ ದಿನ, ಒಳಗೆ ಹೋಗುವ ಧೈರ್ಯವಿಲ್ಲದೆ ಬಾಗಿಲಲ್ಲೇ ನಿಂತಿದ್ದೆ. ಒಳಗಿನಿಂದ ಸಿದ್ದಲಿಂಗನ ದನಿ ಕೇಳಿತು.

“ಯಾರ್ಲಾ ಅದು, ಬೆಳಕಿಗೆ ಅಡ್ಡ ನಿಂತಿರೋನು?”

ಅವನ ಬಲಗಣ್ಣಿಗೆ ನಾನು ಕಂಡಿದ್ದೆ. ಅವನು ನನ್ನ ಹೆಸರು ಹಿಡಿದು ಕರೆದ.

“ನನ್ಗಿನ್ನೂ ಸಿಟ್ಟು ಓಗಿಲ್ಲ ಕಣ್ಲಾ. ಆದ್ರೂ ಒಳಕ್ಕೆ ಬಾ.”

ಎಡಗಣ್ಣು ಬೆಳ್ಳಗಾಗಿ ಹೋಯಿತು. ಅದನ್ನು ಮುಚ್ಚಿಟ್ಟು ಇಲ್ಲಿ ಮಹಿಮೆ ಹೇಳಲಾರೆ. ನಾನು ಆರು ತಿಂಗಳು ಊರಿನಲ್ಲಿ ನೇಗಿಲು ಹಿಡಿದೆ. ಮುಂದಿನ ತಂಡಕ್ಕೆ ಸಿದ್ದಲಿಂಗ ಮರಳಿ ಸೇರಿದ. ಸೇರಿದ ವಾರದಲ್ಲೇ, ಮರಿಯಪ್ಪನನ್ನು ಕರೆಸಿ, ಇನ್ನು ಅವನು ತೊಳೆಯದ ಡ್ರಮ್ಮು ಈ ಶೆಡ್ಡಿನಲ್ಲಿ ಇರುವುದಿಲ್ಲ ಎಂದು ಮೇಸ್ತ್ರಿಯವರಿಗೆ ಹೇಳಿದನಂತೆ. ಮರಳಿ ಬಾ ಎಂಬ ಮೇಸ್ತ್ರಿಯವರ ಕಾಗದ ಬಂದ ದಿನ ಅಪ್ಪ ಅದನ್ನು ದೇವರ ಗೂಡಿನಲ್ಲಿಟ್ಟರು. ಒಂದೇ ಕಣ್ಣಿನಲ್ಲಿ ದೂರ ಅಳೆಯುವುದನ್ನು ಸಿದ್ದ ಹೊಸದಾಗಿ ಕಲಿಯಬೇಕಾಯಿತು. ಮೊದಮೊದಲು ಅವನೂ ತಗಡಿನಲ್ಲಿ ತೂತು ಮಾಡುತ್ತಿದ್ದ. ಆಗ ನಾನು ಪಕ್ಕದಲ್ಲಿ ನಿಂತು, ಹತ್ತಿರ, ಇನ್ನೂ ಹತ್ತಿರ ಎಂದು ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಇಬ್ಬರೂ ತೇರ್ಗಡೆಯಾದೆವು.

ಆ ವರ್ಷದ ಕಾರ್ತಿಕ ಸೋಮವಾರ ಕೆಂಪಮ್ಮನವರು ಮಗನೊಂದಿಗೆ ಚಿಕ್ಕರಸಿನಕೆರೆಗೆ ಹೊರಟರು. ನನ್ನನ್ನು ಸಿದ್ದಲಿಂಗ ಕರೆದ, ಅವರು ಬೇಡವೆನ್ನಲಿಲ್ಲ. ಪೂಜೆ ಮುಗಿದ ಮೇಲೂ ಅವರು ಸ್ವಾಮಿಯ ಮುಂದೆ ಕೈಮುಗಿದು ನಿಂತೇ ಇದ್ದರು. ನಾನು ಹಿಂದೆ ಇರುವುದು ಅವರಿಗೆ ಗೊತ್ತಿತ್ತು. ಮೆಲ್ಲಗೆ, ಆದರೆ ನನಗೂ ಕೇಳುವ ಹಾಗೆ ಸ್ವಾಮಿಗೆ ಹೇಳಿದರು:

“ಈ ಉಡ್ಗನ್ ಮ್ಯಾಲಿನ ಸಿಟ್ಟ ಇನ್ನೂ ಒತ್ಕೊಂಡು ತಿರುಗಾಕೆ ನನ್ ಕೈಲಾಗಕಿಲ್ಲ, ಸಾಮಿ. ನೀನೇ ಇಸ್ಕೊ.”

ಹೊರಗೆ ಬಂದು ಚಪ್ಪಡಿಯ ಮೇಲೆ ಸ್ವಲ್ಪ ಹೊತ್ತು ಕುಳಿತರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಎದ್ದು, “ಮರಿಯಪ್ಪ, ಒತ್ತಾಯ್ತು, ನಡಿ ಮಗ,” ಎಂದರು.

ಭಕ್ತ ಬಾಂಧವರೇ, ಅಂದು ನಾನು ಗುಡಿಗೆ ಹೋದದ್ದು ಗುಟ್ಟು ಉಳಿಯಲೆಂದು ಬೇಡುವುದಕ್ಕೆ. ಸ್ವಾಮಿ ಆ ಬೇಡಿಕೆಯನ್ನು ತಳ್ಳಿಹಾಕಿದ್ದರಿಂದಲೇ ಒಂದು ಕಣ್ಣು ಉಳಿಯಿತು, ಒಬ್ಬ ಗೆಳೆಯ ಉಳಿದ, ನಾನೂ ಉಳಿದೆ. ಈಗ ಪ್ರತಿ ಸೋಮವಾರ ಕೆಲಸಕ್ಕೆ ಹೋಗುವ ಮುನ್ನ ಚಿಕ್ಕರಸಿನಕೆರೆಯ ದಿಕ್ಕಿಗೆ ತಿರುಗಿ ಕೈಮುಗಿಯುತ್ತೇನೆ. ಏನನ್ನೂ ಬೇಡುವುದಿಲ್ಲ. ಆ ವಾರ ನಾನು ಮಾಡಿದ ತಪ್ಪುಗಳನ್ನು ಇದ್ದ ಹಾಗೆ ಹೇಳುತ್ತೇನೆ. ಸ್ವಾಮಿ ಕೇಳಿಸಿಕೊಳ್ಳುತ್ತಾನೆ.