ಮಗಳ ಚಡಪಡಿಕೆ, ನನ್ನ ಚಡಪಡಿಕೆ

ಮೂರನೇ ತರಗತಿಯಲ್ಲಿದ್ದ ಮಗಳು ಒಂದೇ ತಿಂಗಳಲ್ಲಿ ಮೂರನೇ ಸಲ ಶಾಲೆಯ ಬ್ಯಾಗನ್ನು ಬಸ್ಸಿನಲ್ಲೇ ಬಿಟ್ಟು ಬಂದ ದಿನ ಅವಳಿಗೆ ಹೊಡೆದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ನನ್ನದು, ಕೈ ಒರಟು. ಕೆನ್ನೆಯ ಮೇಲೆ ಬೆರಳು ಮೂಡಿದವು. ಅವಳು ಅಳಲಿಲ್ಲ. "ನಾನು ಬೇಕಂತ ಮರೆಯಲ್ಲಪ್ಪ" ಅಂದಳು.

ಅದುವರೆಗೆ ಶಾಲೆಗೆ ಹೋಗಿ ದೂರು ಕೇಳಿಸಿಕೊಂಡು ಬರುತ್ತಿದ್ದವಳು ನನ್ನ ಹೆಂಡತಿ. ಮಗಳು ಕೂತಲ್ಲಿ ಕೂರುವುದಿಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾಳೆ, ಶುರುಮಾಡಿದ ಬರಹ ಮುಗಿಸುವುದಿಲ್ಲ. ಡಾಕ್ಟರಿಗೆ ತೋರಿಸಿ ಎಂದು ಟೀಚರ್ ಎರಡು ಸಲ ಹೇಳಿದ್ದರಂತೆ. "ನಿನ್ನ ಮುದ್ದು ಜಾಸ್ತಿ ಆಗೈತೆ" ಎಂದು ನಾನೇ ತಳ್ಳಿಹಾಕಿದ್ದೆ.

ಆ ವಾರ ರಜೆ ಹಾಕಿ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದೇವಸಮುದ್ರದಿಂದ ಬಂದಿದ್ದ ಅವ್ವನೂ ಜೊತೆಗಿದ್ದಳು. ಡಾಕ್ಟರಮ್ಮ ಮಗಳ ಜೊತೆ ಬಹಳ ಹೊತ್ತು ಮಾತಾಡಿ, ಟೀಚರ್ ತುಂಬಿ ಕೊಡಬೇಕಾದ ಹಾಳೆಗಳನ್ನು ಕೊಟ್ಟರು. ಅವನ್ನು ತುಂಬಿಸಿಕೊಂಡು ಮೂವರೂ ಮತ್ತೆ ಹೋದಾಗ, ಇದು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ, ಸೋಮಾರಿತನವಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಚಿಕ್ಕವರಿದ್ದಾಗ ನೀವು ಹೇಗಿದ್ರಿ?" ಎಂದು ಕೇಳಿದರು.

ಉತ್ತರ ಕೊಟ್ಟವಳು ಅವ್ವ. "ಇವ್ನೂ ಹಿಂಗೇ ಇದ್ದನ್ರಿ. ಒಂದು ಕಡೆ ನಿಂತೋನಲ್ಲ. ಇವರಪ್ಪ ಕಂಬಕ್ಕೆ ಕಟ್ಟಿ ಹೊಡೀತಿದ್ರು. ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟ."

ಮಗಳು ನನ್ನನ್ನೇ ನೋಡಿದಳು. "ಹೊಡೆದ್ಮೇಲೆ ನಿಂಗೆ ನೆನಪು ಉಳೀತಿತ್ತಾ ಅಪ್ಪ?"

"ಇಲ್ಲವ್ವ" ಅಂದೆ.

ಹೊರಗೆ ಬಂದ ಮೇಲೆ, "ನಾನು ಹೊಡೆದಿದ್ದು ತಪ್ಪು" ಎಂದು ಹೇಳಿದೆ. ಅವಳು ಆಗಲೇ ಎದುರಿನ ಆಟೋಗಳನ್ನು ಎಣಿಸುತ್ತಿದ್ದಳು.

ಈಗ ಸಂಜೆ ಮಿಲ್ಲಿನಿಂದ ಬಂದು ಕೈಕಾಲು ತೊಳೆದು ಅವಳ ಪಕ್ಕ ಕೂರುತ್ತೇನೆ. ಡಾಕ್ಟರಮ್ಮ ಹೇಳಿದಂತೆ ಒಂದು ಸಲಕ್ಕೆ ಒಂದೇ ಕೆಲಸ. ನಾಲ್ಕು ಸಾಲು ಬರೆದರೆ ಎದ್ದು ಅಂಗಳ ಸುತ್ತಿ ಬರಬಹುದು. ಮೊದಮೊದಲು ನನಗೇ ಕೂರಲಾಗುತ್ತಿರಲಿಲ್ಲ. ಇಬ್ಬರೂ ಎದ್ದು ಸುತ್ತುತ್ತಿದ್ದೆವು. ಕೆಲವು ದಿನ ನಾನು ರೇಗುತ್ತೇನೆ, ಆದರೆ ಕೈ ಎತ್ತಿಲ್ಲ. ಶಾಲೆಗೂ ನಾನೇ ಹೋಗುತ್ತೇನೆ. ಟೀಚರ್ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದಾರೆ.

ಈ ಸಲದ ಪರೀಕ್ಷೆಯಲ್ಲಿ ಗಣಿತವನ್ನು ಪೂರ್ತಿ ಬರೆದು ಬಂದಳು. ಕನ್ನಡದಲ್ಲಿ ಮಾತ್ರ ಪ್ರಶ್ನೆಪತ್ರಿಕೆಯ ಹಿಂಬದಿ ತಿರುವಿ ನೋಡಿಯೇ ಇರಲಿಲ್ಲ. ಆ ಪ್ರಶ್ನೆಗಳನ್ನು ಮನೆಯಲ್ಲಿ ಬಾಯಲ್ಲಿ ಕೇಳಿದೆ. ಒಂದು ಬಿಟ್ಟು ಎಲ್ಲಕ್ಕೂ ಸರಿಯಾಗಿ ಹೇಳಿದಳು.