ಉರಿಯದ ಬರೆ

ಗಾಳಿಯೂ ಯರಗುಪ್ಪಿಯ ತಿರಕಪ್ಪನ ಮಾತು ಕೇಳುತ್ತದೆ ಎಂದು ಜನ ಹೇಳುತ್ತಿದ್ದರು. ಕಣದಲ್ಲಿ ಮುಕ್ಕಾಲಿ ಏರಿ, ಜೋಳ ತುಂಬಿದ ಮೊರವನ್ನು ತಲೆಯ ಮೇಲೆತ್ತಿ ತೂರಿದನೆಂದರೆ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಸೊಕ್ಕೂ ಸ್ವಲ್ಪ ಇತ್ತೆನ್ನಿ.

ಎಪ್ಪತ್ತಾರರ ಸುಗ್ಗಿಯಲ್ಲಿ ಮುಕ್ಕಾಲಿ ವಾಲಿ ಬಿದ್ದ. ಬಲಭುಜದ ಕೀಲು ತಪ್ಪಿತು. ಎಲುಬು ಕೂಡಿಸುವ ದಾವೂದಸಾಬ ಎಳೆದು ಕೂಡಿಸಿ ಕಟ್ಟು ಹಾಕಿದ. ಕೀಲು ಸರಿಯಾಗಿಯೇ ಕೂಡಿತು. ಆದರೆ ಕಟ್ಟು ಬಿಚ್ಚಿದ ಮೇಲೂ ತೋಳು ಮೇಲೇಳಲಿಲ್ಲ. ಬೆರಳು ಆಡುತ್ತಿದ್ದವು, ರೊಟ್ಟಿ ಮುರಿಯುತ್ತಿದ್ದ, ಗೂಟಕ್ಕೆ ರುಮಾಲು ಸಿಗಿಸಲು ಮಾತ್ರ ಆಗುತ್ತಿರಲಿಲ್ಲ.

ನಮ್ಮೂರಲ್ಲಿ ಎತ್ತಿಗೂ ಮನುಷ್ಯನಿಗೂ ಒಂದೇ ಮದ್ದು, ಬರೆ. ಓಣಿಯ ಹಿರಿಯ ಕುಬೇರಪ್ಪ ಕುಡಗೋಲು ಕಾಯಿಸಿ ಭುಜದ ಹೊರಬದಿಗೆ ಒತ್ತಿದ. ಚರ್ಮ ಚುರ್ ಎಂದಿತು. ತಿರಕಪ್ಪ ಹುಬ್ಬು ಕೂಡ ಅಲುಗಿಸಲಿಲ್ಲ.

"ಗಂಡಸಂದ್ರ ಇವ ನೋಡ್ರಲೇ!" ಎಂದ ಕುಬೇರಪ್ಪ. ನಾವೂ ಕೊಂಡಾಡಿದೆವು, ಬುದ್ಧಿಗೇಡಿಗಳು.

ಮನೆಗೆ ಬಂದಾಗ ಅವನ ಮುಖದ ತುಂಬ ಬೆವರು.

"ಭಾಳ ಉರಿಯಾಕತ್ತೈತೇನ್ರಿ?" ಎಂದಳು ಹೆಂಡತಿ ಮೈಲಾರವ್ವ.

"ಉರೀನ ಆಗಲಿಲ್ಲ. ಅದಕ್ಕ ನನಗ ಅಂಜಿಕಿ ಬಂದೈತಿ."

ಮರುದಿನವೇ ಹುಬ್ಬಳ್ಳಿಗೆ ಹೋದರು. ಡಾಕ್ಟರು ಭುಜಕ್ಕೆ ಸೂಜಿ ಚುಚ್ಚಿ ನೋಡಿದರು. "ತೋಳಿನ ಎಲುಬಿನ ಕೊರಳಿಗೆ ಒಂದು ನರ ಸುತ್ತಿಕೊಂಡದ. ಭುಜದ ಸ್ನಾಯುವಿಗೆ 'ಕೈ ಎತ್ತು' ಅನ್ನೂದು ಆ ನರಾನ. ಅಲ್ಲಿನ ಚರ್ಮದ ಸುದ್ದಿ ತಲಿಗೆ ಮುಟ್ಟಸೂದೂ ಅದೇ ನರ. ಬಿದ್ದಾಗ ಜಗ್ಗೇದ. ಹರಿದಿರಲಿಲ್ಲಂದ್ರ ತಿಂಗಳುಗಟ್ಟಲೆ ಆದ್ರೂ ತಾನ ಸುಧಾರಸ್ತದ."

"ಹರದಿದ್ರ?"

ಡಾಕ್ಟರು ಕೈ ತೊಳೆಯಲು ಎದ್ದರು.

ಅಂದಿನಿಂದ ಬೆಳಗಾದರೆ ಮೈಲಾರವ್ವ ಬರೆಯ ಸುತ್ತ ಚಿವುಟುವಳು. "ಗೊತ್ತಾತೇನ್ರಿ?" ಅವನು ಗೋಡೆ ನೋಡುತ್ತ "ಇಲ್ಲ" ಎನ್ನುವನು. ಮುಂಗಾರಿ ಬಿತ್ತನೆ ಮುಗಿಯಿತು. ಭುಜದ ದುಂಡು ಇಳಿದು ಎಲುಬು ಕಾಣತೊಡಗಿತು. ಬರುಬರುತ್ತ ಅವನು "ಇಲ್ಲ" ಎನ್ನುವುದನ್ನೂ ಬಿಟ್ಟ. ಮುಂದಿನ ಸುಗ್ಗಿಗೆ ಕಣದಲ್ಲಿ ಬೇರೊಬ್ಬ ನಿಲ್ಲುತ್ತಾನೆಂಬ ಚಿಂತೆ ಅವನನ್ನು ತಿನ್ನುತ್ತಿತ್ತು. ಅವಳು ದನದ ಕೊಟ್ಟಿಗೆಗೆ ಹೋಗಿ ಅತ್ತು ಬರುತ್ತಿದ್ದಳು.

ಪಂಚಮಿಗೆ ಉಂಡಿ ಮಾಡಲು ಒಲೆಯ ಮೇಲೆ ಬೆಲ್ಲದ ಪಾಕ ಕುದಿಯುತ್ತಿತ್ತು. ತಿರಕಪ್ಪ ಬರಿಮೈಯಲ್ಲಿ ಪಕ್ಕದಲ್ಲೇ ಕೂತಿದ್ದ. ಮೈಲಾರವ್ವ ಸೌಟು ಎತ್ತುವಾಗ ಒಂದು ಹನಿ ಹಾರಿ ಬರೆಯ ಬಾಜುಕ್ಕೆ ಬಿತ್ತು.

"ಅಯ್ಯಯ್ಯೋ, ನಿಮ್ಮನ್ನ ಸುಟ್ಟೆನಲ್ರೀ!"

ಕಾಯ್ದ ಕುಡಗೋಲಿಗೆ ಜಗ್ಗದವನು ಕೂಸಿನಂತೆ ಕಿರುಚಿದ. ಅವಳು ನೀರಿನ ತಂಬಿಗೆಗೆ ಕೈ ಹಾಕಿದಳು. ಅವನು ತಡೆದ.

"ಮೈಲಾರಿ, ಇನ್ನೊಂದ ಹನಿ ಹಾಕ."